ಒದೆ ತಿಂದರೂ ತಿರುಗಿ ಒದೆಯದ ಹುಡುಗ

ಆಟದ ಅಂಗಳ: ಓದುಗರ ಪ್ರಶ್ನೆಗಳಿಗೆ ಬಳ್ಳಾರಿಯ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರ ಉತ್ತರ

ಪ್ರಶ್ನೆ: ಸರ್, ನಮ್ಮದು ಸಿರುಗುಪ್ಪ ತಾಲ್ಲೂಕಿನ ಹಳ್ಳಿ, ಭತ್ತದ ಬೇಸಾಯ. ಮಗ ಹತ್ತನೆಯ ತರಗತಿಯಲ್ಲಿದ್ದಾನೆ. ವಯಸ್ಸಿಗೆ ಮೀರಿದ ಎತ್ತರ, ಶಾಲಾ ತಂಡದಲ್ಲಿ ಫಾರ್ವರ್ಡ್. ಎದುರಾಳಿ ಹುಡುಗರು ಕಾಲಿಗೆ ಒದೆಯುತ್ತಾರೆ, ಅಂಗಿ ಜಗ್ಗುತ್ತಾರೆ. ಇವನು ಮಣ್ಣು ಕೊಡವಿಕೊಂಡು ಎದ್ದು ಓಡುತ್ತಾನೆಯೇ ಹೊರತು ತಿರುಗಿ ಮುಟ್ಟುವುದಿಲ್ಲ. ‘ಇಷ್ಟು ಮೆತ್ತಗಿದ್ದರೆ ಫುಟ್‌ಬಾಲ್ ಆಗುವುದಿಲ್ಲ, ನೀನೂ ನಾಲ್ಕು ಕೊಡು’ ಎಂದು ತರಬೇತುದಾರರು ಗದರುತ್ತಾರೆ. ಸಾಲದ್ದಕ್ಕೆ ಒಂದು ಪಂದ್ಯದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಆಡಿಸುತ್ತಾರೆ. ಅವನ ಸ್ವಭಾವ ಬದಲಾಗಬೇಕೆ?

ಉತ್ತರ: ಬೇಡ, ಖಂಡಿತ ಬೇಡ. ನಿಮ್ಮ ಪತ್ರ ಓದುತ್ತಿದ್ದಂತೆ ನನಗೆ ನೆನಪಾದದ್ದು ಜಾನ್ ಚಾರ್ಲ್ಸ್. ಅವರ ಬದುಕನ್ನು ಮಗನಿಗೂ ಅವನ ತರಬೇತುದಾರರಿಗೂ ಓದಿ ಹೇಳಿ.

ಚಾರ್ಲ್ಸ್ ಹುಟ್ಟಿದ್ದು 1931ರ ಡಿಸೆಂಬರ್ 27ರಂದು, ವೇಲ್ಸ್‌ನ ಸ್ವಾನ್ಸೀಯಲ್ಲಿ. ನಮ್ಮ ತೋರಣಗಲ್ಲಿನ ಹಾಗೆ ಕುಲುಮೆ, ಕಾರ್ಖಾನೆಗಳ ಸೀಮೆ ಅದು. ಹದಿಹರೆಯದಲ್ಲೇ ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ತಂಡ ಅವರನ್ನು ಕರೆದೊಯ್ದಿತು. 6 ಅಡಿ 2 ಇಂಚಿನ ಆಳು, ಅದಕ್ಕೆ ತಕ್ಕ ಮೈಕಟ್ಟು. ಮೊದಲು ಸೆಂಟರ್ ಹಾಫ್, ಎಂದರೆ ರಕ್ಷಣೆಯ ನಡುಗಂಬ. 1952ರಲ್ಲಿ ವ್ಯವಸ್ಥಾಪಕ ಮೇಜರ್ ಫ್ರಾಂಕ್ ಬಕ್ಲಿ ಅವರನ್ನು ಸೆಂಟರ್ ಫಾರ್ವರ್ಡ್ ಜಾಗಕ್ಕೆ ತಂದು ನಿಲ್ಲಿಸಿದರು. ಮರುವರ್ಷದ, ಅಂದರೆ 1953–54ರ ಲೀಗಿನಲ್ಲಿ ಚಾರ್ಲ್ಸ್ ಹೊಡೆದ ಗೋಲುಗಳು 42. ಒಂದೇ ಋತುವಿನ ಲೀಗಿನಲ್ಲಿ ಅಷ್ಟು ಗೋಲು ಹೊಡೆದವರು ಲೀಡ್ಸ್ ತಂಡದಲ್ಲಿ ಇನ್ನೊಬ್ಬರಿಲ್ಲ.

1957ರಲ್ಲಿ ಇಟಲಿಯ ಯುವೆಂಟಸ್ ಅವರನ್ನು 65,000 ಪೌಂಡ್ ಕೊಟ್ಟು ಕೊಂಡಿತು. ಬ್ರಿಟನ್ನಿನ ಆಟಗಾರನೊಬ್ಬನಿಗೆ ಅಲ್ಲಿಯವರೆಗೆ ಅಷ್ಟು ಬೆಲೆ ಬಂದಿರಲಿಲ್ಲ. ಇಟಲಿಯ ಡಿಫೆಂಡರುಗಳು ಎಂಥವರೆಂದು ಫುಟ್‌ಬಾಲ್ ಬಲ್ಲವರಿಗೆ ಹೇಳಬೇಕಾಗಿಲ್ಲ. ಕಾಲಿಗೆ ಕಾಲು ಕೊಡುತ್ತಾರೆ, ರೆಫ್ರಿಯ ಕಣ್ಣು ತಪ್ಪಿಸಿ ಅಂಗಿ ಹಿಡಿದೆಳೆಯುತ್ತಾರೆ. ಮೊದಲ ವರ್ಷವೇ ಚಾರ್ಲ್ಸ್ 28 ಗೋಲು ಹೊಡೆದು ಇಡೀ ಲೀಗಿಗೆ ಮೊದಲಿಗರಾದರು, ಯುವೆಂಟಸ್ ತನ್ನ ಹತ್ತನೆಯ ಲೀಗ್ ಪ್ರಶಸ್ತಿ ಗೆದ್ದಿತು. 1960 ಮತ್ತು 1961ರಲ್ಲಿ ಮತ್ತೆ ಗೆದ್ದಿತು. ಜೊತೆಗಾರ ಓಮರ್ ಸಿವೊರಿ ಕುಳ್ಳ, ಮುಂಗೋಪಿ, ಕೆಣಕಿದವರನ್ನು ಬಿಡುವವರಲ್ಲ. ಚಾರ್ಲ್ಸ್ ಮಾತ್ರ ತಮ್ಮ ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ಮೈದಾನದಿಂದ ಹೊರಹಾಕಿಸಿಕೊಳ್ಳಲಿಲ್ಲ, ರೆಫ್ರಿಯ ಎಚ್ಚರಿಕೆಯನ್ನೂ ಪಡೆಯಲಿಲ್ಲ. ಹಳದಿ, ಕೆಂಪು ಕಾರ್ಡುಗಳು ಬಂದದ್ದು 1970ರ ವಿಶ್ವಕಪ್‌ನಲ್ಲಿ. ಆಗೆಲ್ಲ ರೆಫ್ರಿ ತಪ್ಪು ಮಾಡಿದವನ ಹೆಸರು ಬರೆದುಕೊಳ್ಳುತ್ತಿದ್ದರು. ಆ ಪುಸ್ತಕಗಳಲ್ಲಿ ಜಾನ್ ಚಾರ್ಲ್ಸ್ ಹೆಸರಿಲ್ಲ. ಇಟಲಿಯ ಜನ ಅವರನ್ನು ‘ಸೌಮ್ಯ ದೈತ್ಯ’ ಎಂದು ಕರೆದರು. ಯುವೆಂಟಸ್‌ನ ಊರಾದ ಟ್ಯೂರಿನ್‌ನದೇ ಇನ್ನೊಂದು ತಂಡ ಟೊರಿನೊ ವಿರುದ್ಧ ಆಡುವಾಗ, ತಮಗೆ ಡಿಕ್ಕಿಯಾಗಿ ಬಿದ್ದ ಡಿಫೆಂಡರ್‌ನಿಗೆ ಆರೈಕೆ ಸಿಗಲಿ ಎಂದು, ಎದುರಿಗೆ ಗೋಲ್‌ಕೀಪರ್ ಒಬ್ಬನೇ ಇದ್ದಾಗಲೂ ಚೆಂಡನ್ನು ಗೆರೆಯಾಚೆ ಒದ್ದರೆಂಬ ಕಥೆಯನ್ನು ಅಲ್ಲಿನವರು ಅಭಿಮಾನದಿಂದ ಹೇಳುತ್ತಾರೆ. 1997ರಲ್ಲಿ ಯುವೆಂಟಸ್ ಅಭಿಮಾನಿಗಳು ತಮ್ಮ ತಂಡದ ಅತ್ಯುತ್ತಮ ವಿದೇಶಿ ಆಟಗಾರನೆಂದು ಆರಿಸಿದ್ದು ಅವರನ್ನೇ.

ಮೆತ್ತಗಿದ್ದರೆ ಆಗುವುದಿಲ್ಲ ಎನ್ನುವವರು ಇದಕ್ಕೆ ಏನು ಹೇಳುತ್ತಾರೆ? ಹೊಡೆಯದವನು ಅಂಜುಬುರುಕ ಎಂಬ ಮಾತನ್ನು ಬಳ್ಳಾರಿಯ ಮೈದಾನಗಳಲ್ಲಿ ಜೀವನವಿಡೀ ಕೇಳಿದ್ದೇನೆ, ಪ್ರತಿ ಸಲವೂ ನೊಂದಿದ್ದೇನೆ. ಒದೆ ತಿಂದು ಎದ್ದು ಮತ್ತೆ ಚೆಂಡಿನ ಹಿಂದೆ ಓಡುವ ಹುಡುಗನಿಗೆ ಧೈರ್ಯ ಕಡಿಮೆಯೆ? ಮಗನಿಗೆ ತೋಳಗಲಿಸಿ ಚೆಂಡನ್ನು ಮೈಮರೆಯಲ್ಲಿ ಕಾಯುವುದನ್ನು, ಎರಡೂ ಕಾಲಿನಿಂದ ಒದೆಯುವುದನ್ನು ಕಲಿಸಲಿ. ಹಿಂದೆ ಆಡಿಸುತ್ತಾರೆಂದು ಕೊರಗುವುದೂ ಬೇಡ. ಯುವೆಂಟಸ್ ಒಂದು ಗೋಲಿನಿಂದ ಮುಂದಿದ್ದರೆ ಚಾರ್ಲ್ಸ್ ತಾವೇ ಹಿಂದೆ ಬಂದು ರಕ್ಷಣೆಗೆ ನಿಲ್ಲುತ್ತಿದ್ದರು. ಎರಡೂ ಜಾಗ ತಿಳಿದವನಿಗೆ ಎದುರಾಳಿಯ ಮನಸ್ಸು ತಿಳಿಯುತ್ತದೆ.

ಪ್ರಶ್ನೆ: ಪೆಲೆ ವಿಶ್ವಕಪ್‌ನಲ್ಲಿ ಹೊಡೆದ ಮೊದಲ ಗೋಲು ವೇಲ್ಸ್ ವಿರುದ್ಧ ಎಂದು ಓದಿದೆ. ಅಷ್ಟು ಸಣ್ಣ ನಾಡು ಅಲ್ಲಿಗೆ ಹೇಗೆ ತಲುಪಿತು? (ಕಾಲೇಜು ವಿದ್ಯಾರ್ಥಿನಿ, ಗಂಗಾವತಿ)

ಉತ್ತರ: ವಿಚಿತ್ರವಾದ ದಾರಿಯಲ್ಲಿ, ತಾಯಿ. 1958ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ, ತಮ್ಮ ಗುಂಪಿನಲ್ಲಿ ಅವರು ಸೋತಿದ್ದರು. ಆದರೆ ಇನ್ನೊಂದು ಕಡೆ ಇಸ್ರೇಲ್ ವಿರುದ್ಧ ಆಡಲು ಎದುರಾಳಿ ದೇಶಗಳು ಒಪ್ಪದೆ ಹಿಂದೆ ಸರಿದವು. ಒಂದೂ ಪಂದ್ಯ ಆಡದೆ ಯಾರೂ ವಿಶ್ವಕಪ್‌ಗೆ ಬರುವಂತಿಲ್ಲ ಎಂದು ಫಿಫಾ, ಗುಂಪುಗಳಲ್ಲಿ ಎರಡನೆಯ ಸ್ಥಾನ ಪಡೆದ ದೇಶಗಳ ಹೆಸರಿನಲ್ಲಿ ಚೀಟಿ ಎತ್ತಿತು. ಬೆಲ್ಜಿಯಂ ಒಲ್ಲೆ ಎಂದಿತು, ಅವಕಾಶ ವೇಲ್ಸ್‌ಗೆ ಬಂತು. ಎರಡು ಪಂದ್ಯಗಳನ್ನೂ 2–0ರಿಂದ ಗೆದ್ದರು.

ಎರಡನೆಯದು 1958ರ ಫೆಬ್ರುವರಿ 5ರಂದು ಕಾರ್ಡಿಫ್‌ನಲ್ಲಿ ನಡೆಯಿತು. ವೇಲ್ಸ್ ತಂಡದ ವ್ಯವಸ್ಥಾಪಕ ಜಿಮ್ಮಿ ಮರ್ಫಿ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲೂ ಸಹಾಯಕರು. ಈ ಪಂದ್ಯಕ್ಕಾಗಿ ಕಾರ್ಡಿಫ್‌ನಲ್ಲಿ ಉಳಿದದ್ದರಿಂದ ಮರುದಿನ ಮ್ಯೂನಿಕ್‌ನಲ್ಲಿ ಅಪಘಾತಕ್ಕೀಡಾದ ತಂಡದ ವಿಮಾನದಲ್ಲಿ ಅವರಿರಲಿಲ್ಲ. 23 ಜೀವಗಳು ಹೋದವು. ಆ ದುಃಖವನ್ನು ಹೊತ್ತೇ ಮರ್ಫಿ ತಮ್ಮ ನಾಡಿನ ತಂಡವನ್ನು ವಿಶ್ವಕಪ್ ನಡೆದ ಸ್ವೀಡನ್‌ಗೆ ಕರೆದೊಯ್ದರು.

ಅಲ್ಲಿ ಹಂಗರಿ ವಿರುದ್ಧದ ಮೊದಲ ಪಂದ್ಯದಲ್ಲಿ ಚಾರ್ಲ್ಸ್ ತಲೆಯಿಂದ ಗೋಲು ಹೊಡೆದರು, 1–1. ಮೂರೂ ಗುಂಪಿನ ಪಂದ್ಯಗಳು ಸಮವಾದವು. ಹಂಗರಿ ಜೊತೆ ಮತ್ತೆ ಆಡಬೇಕಾಗಿ ಬಂದು 2–1ರಿಂದ ಗೆದ್ದರು. ಆದರೆ ಎದುರಾಳಿಗಳು ಆ ದಿನ ಚಾರ್ಲ್ಸ್ ಅವರನ್ನು ನಿರ್ದಯವಾಗಿ ಒದ್ದು ಕುಂಟುವಂತೆ ಮಾಡಿದ್ದರು. ಎರಡೇ ದಿನಕ್ಕೆ, ಜೂನ್ 19ರಂದು, ಗೊಥೆನ್‌ಬರ್ಗ್‌ನಲ್ಲಿ ಬ್ರೆಜಿಲ್ ಎದುರು ಅವರು ಆಡಲಾಗಲಿಲ್ಲ. ಅವರ ತಮ್ಮ ಮೆಲ್ ಚಾರ್ಲ್ಸ್ ರಕ್ಷಣೆಯಲ್ಲಿ ನಿಂತರು. ಹದಿನೇಳರ ಪೆಲೆ ಹೊಡೆದದ್ದು ಒಂದೇ ಗೋಲು, ಅಷ್ಟರಲ್ಲೇ ಪಂದ್ಯ ಮುಗಿಯಿತು. ಜಾನ್ ಚಾರ್ಲ್ಸ್ ಆಡಿದ್ದರೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ವೇಲ್ಸ್ ಮತ್ತೆ ವಿಶ್ವಕಪ್ ಆಡಿದ್ದು 2022ರಲ್ಲಿ.

ಪ್ರಶ್ನೆ: ಇಂಥ ಆಟಗಾರರು ತಮ್ಮ ನಾಡು ಬಿಟ್ಟು ಹೋಗುವುದು ದುಡ್ಡಿನ ಆಸೆಯಲ್ಲವೆ? (ರಾಯಚೂರು)

ಉತ್ತರ: ಆಸೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆಗ ಇಂಗ್ಲೆಂಡಿನ ಲೀಗಿನಲ್ಲಿ ಸಂಬಳಕ್ಕೆ ಮಿತಿಯಿತ್ತು. 1957ರಲ್ಲಿ ಅದು ವಾರಕ್ಕೆ 20 ಪೌಂಡನ್ನೂ ಮುಟ್ಟಿರಲಿಲ್ಲ. ಹತ್ತಾರು ಸಾವಿರ ಜನ ಟಿಕೆಟ್ ಕೊಂಡು ನೋಡುವ ಆಟಗಾರನಿಗೂ ಅಷ್ಟೇ. ಆ ಮಿತಿ ಹೋದದ್ದು 1961ರಲ್ಲಿ. ದುಡಿಮೆಗೆ ತಕ್ಕ ಕೂಲಿ ಕೇಳುವುದು ತಪ್ಪಲ್ಲ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಚೆಂಡನ್ನು ತಲೆಯಿಂದ ಹೊಡೆಯುವ ಅಭ್ಯಾಸ ಈಗಲೇ ಮಾಡಿಸಬಹುದೆ? (ಸಂಡೂರು)

ಉತ್ತರ: ಬೇಡಮ್ಮ. ಎಳೆಯ ಮಿದುಳಿನ ಮೇಲಿನ ಕಾಳಜಿಯಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ನ ಫುಟ್‌ಬಾಲ್ ಸಂಸ್ಥೆಗಳೇ 2020ರಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಿಗೆ ತರಬೇತಿಯಲ್ಲಿ ಹೆಡರ್ ಬೇಡ ಎಂದು ಸೂಚಿಸಿವೆ. ಬಿಸಿಲು ಏರುವ ಮೊದಲು ಗೋಡೆಗೆ ಚೆಂಡು ಒದೆಸಿ. ಬಲಗಾಲಿನಷ್ಟೇ ಎಡಗಾಲಿನಿಂದಲೂ ಒದೆಯಲಿ.