ಅಂಕಪಟ್ಟಿಯಲ್ಲಿ ಹೆಸರಿಲ್ಲದವರು

ಓದುಗರ ಪತ್ರ: ಹಿಂದಿನ ಸಂಚಿಕೆಯಲ್ಲಿ ದೇವದುರ್ಗ ತಾಲ್ಲೂಕಿನ ಹುಡುಗಿಯೊಬ್ಬಳ ಬಗ್ಗೆ ಬರೆದಿದ್ದೆವು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಹಾಸ್ಟೆಲ್‌ನಲ್ಲಿದ್ದುಕೊಂಡು ಪಿಯುಸಿ ವಿಜ್ಞಾನದಲ್ಲಿ ಶೇ 61 ಅಂಕ ತೆಗೆದ ಹುಡುಗಿ. ಅದನ್ನು ಓದಿದ ತುಮಕೂರಿನ ತಾಯಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: "ಶೇ 61 ಅಂಕಕ್ಕೆ ಎರಡು ಪುಟದ ಲೇಖನವೇ? ನನ್ನ ಮಗ ಶೇ 96 ತೆಗೆದ. ನೀಟ್‌ನಲ್ಲಿ ಸರ್ಕಾರಿ ಮೆಡಿಕಲ್ ಸೀಟು ಸ್ವಲ್ಪದರಲ್ಲಿ ಕೈತಪ್ಪಿತು. ಅವನಿಗಿಂತ ಹಿಂದಿನ ರ‍್ಯಾಂಕಿನವರಿಗೆ ಮೀಸಲಾತಿಯಲ್ಲಿ ಸೀಟು ಸಿಕ್ಕಿತು. ಪ್ರತಿಭೆಯೊಂದನ್ನೇ ನೋಡಬೇಕು, ಬೇರೆ ಏನನ್ನೂ ನೋಡಬಾರದು. ಈಗ ಅವನು ಊಟಕ್ಕೂ ರೂಮಿನಿಂದ ಹೊರಗೆ ಬರುತ್ತಿಲ್ಲ. ಅವನಿಗೆ ನೀವು ಏನು ಹೇಳುತ್ತೀರಿ?"

ಸಂಪಾದಕರ ಉತ್ತರ:

ಪ್ರಿಯ ಸೋದರಿ, ನಮಸ್ಕಾರ.

ನಿಮ್ಮ ಪತ್ರ ಬಂದು ಹನ್ನೆರಡು ದಿನವಾಯಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಮೊದಲ ಸಲ ಓದಿದಾಗ ನಿಮ್ಮ ಸಿಟ್ಟು ಮಾತ್ರ ಕಂಡಿತ್ತು. ಎರಡನೇ ಸಲ ಓದುವಾಗ ಎರಡನೇ ಪುಟದಲ್ಲಿ ನಿಂತುಬಿಟ್ಟೆ. ಸುಮ್ನೆ ನಾಲ್ಕು ಸಾಲು ಬರೆದು ಕಳಿಸುವ ಉತ್ತರ ಇದಲ್ಲ ಅನ್ನಿಸಿತು.

ಆ ಪುಟದಲ್ಲಿ ನೀವು ಬರೆದದ್ದನ್ನೇ ನೆನಪು ಮಾಡುತ್ತೇನೆ. ಎರಡು ವರ್ಷ ನೀವು ಬೆಳಗಿನ ಜಾವ ನಾಲ್ಕೂವರೆಗೆ ಎದ್ದಿರಿ. ಮಗನಿಗೆ ಹಾಲು ಕಾಯಿಸಿ ಕೊಟ್ಟು, ಅವನಿಗೆ ನಿದ್ದೆ ಬರಬಾರದು ಅಂತ ಎದುರಿಗೇ ಕೂತು ಅವರೆಕಾಳು ಸುಲಿದಿರಿ, ಅಕ್ಕಿ ಆರಿಸಿದಿರಿ. ಮನೆಯಲ್ಲಿ ಟಿವಿ ಹಾಕಲಿಲ್ಲ. ಅತ್ತೆಯವರು ತಮ್ಮ ಕೋಣೆಯನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟು ಹಾಲ್‌ನಲ್ಲಿ ಚಾಪೆ ಹಾಸಿಕೊಂಡರು. ಬಡ್ತಿ ಬಂದರೆ ವರ್ಗಾವಣೆ ಆಗುತ್ತದೆ ಅಂತ ಯಜಮಾನರು ಬಡ್ತಿಯನ್ನೇ ಬೇಡ ಅಂದರು. ಕೋಚಿಂಗ್ ಫೀಸಿಗೆ ನಿಮ್ಮ ಬಳೆಗಳು ಅಡವಿಗೆ ಹೋದವು.

ಇದನ್ನೆಲ್ಲ ನೀವು ಮಗನ ಶ್ರಮಕ್ಕೆ ಸಾಕ್ಷಿ ಅಂತ ಬರೆದಿದ್ದೀರಿ. ನನಗೆ ಅದರಲ್ಲಿ ಇನ್ನೊಂದು ವಿಷಯವೂ ಕಂಡಿತು. ಆ 96ರಲ್ಲಿ ನಿಮ್ಮ ನಾಲ್ಕೂವರೆ ಗಂಟೆ ಇದೆ. ಅತ್ತೆಯವರ ಕೋಣೆ ಇದೆ, ಯಜಮಾನರ ಬಡ್ತಿ ಇದೆ. ಅಂಕಪಟ್ಟಿಯಲ್ಲಿ ಮಾತ್ರ ಒಂದೇ ಹೆಸರಿದೆ. ಹೀಗೆ ಹೇಳಿದರೆ ಹುಡುಗನ ಶ್ರಮ ಕಡಿಮೆ ಅಂತ ಅರ್ಥವಲ್ಲ. ಅವನು ಕೂತು ಓದದಿದ್ದರೆ ನೀವು ಎಷ್ಟು ಹಾಲು ಕಾಯಿಸಿದರೂ ಅಷ್ಟೇ. ಆದರೆ ನಾವು ಪ್ರತಿಭೆ ಅಂತ ಕರೆಯುವುದು ಒಬ್ಬರೇ ಒಂಟಿಯಾಗಿ ಕಟ್ಟಿಕೊಳ್ಳುವಂಥದ್ದಲ್ಲ. ಅದು ಇಡೀ ಮನೆ ಸೇರಿ ಕೂಡಿಟ್ಟ ಗಂಟು. ಕೆಲವು ಮನೆಗಳಲ್ಲಿ ಮೂರು ತಲೆಮಾರು ಕೂಡಿಟ್ಟದ್ದು.

ಈಗ ಆ ದೇವದುರ್ಗದ ಹುಡುಗಿಯ ವಿಷಯ. ಲೇಖನದಲ್ಲಿ ಜಾಗ ಸಾಲದೆ ಒಂದು ಸಂಗತಿ ಬಿಟ್ಟುಹೋಗಿತ್ತು. ಅವಳ ಫಿಸಿಕ್ಸ್ ಪುಸ್ತಕವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ ಮಗುವಿಗೆ ಪಿಯುಸಿಯಲ್ಲಿ ಒಮ್ಮೆಲೇ ಎಲ್ಲ ಇಂಗ್ಲಿಷ್. ಮೊದಲ ಅಧ್ಯಾಯದಲ್ಲಿ ಸಾಲುಗಳ ಮೇಲೆ ಪೆನ್ಸಿಲಿನ ಅಕ್ಷರ ತುಂಬಿಹೋಗಿದೆ. ಫೋರ್ಸ್ ಮೇಲೆ 'ಬಲ'. ಫ್ರಿಕ್ಷನ್ ಮೇಲೆ 'ಘರ್ಷಣೆ'. ಮೊಮೆಂಟಮ್ ಮೇಲೆ 'ಸಂವೇಗ' ಅಂತ ಬರೆದು, ಅಳಿಸಿ, ಮತ್ತೆ ಬರೆದಿದ್ದಾಳೆ. ಪುಟ ತಿರುವುತ್ತಾ ಹೋದಂತೆ ಪೆನ್ಸಿಲ್ ಕಡಿಮೆಯಾಗುತ್ತದೆ. ಕೊನೆಯ ಅಧ್ಯಾಯಗಳಲ್ಲಿ ಪುಟಕ್ಕೆ ಎರಡೋ ಮೂರೋ ಪದ, ಅಷ್ಟೇ. ಎರಡು ವರ್ಷದಲ್ಲಿ ಅವಳು ಒಂದು ವಿಷಯ ಕಲಿಯಲಿಲ್ಲ. ಒಂದು ಭಾಷೆ ಕಲಿತು, ಆ ಭಾಷೆಯಲ್ಲಿ ನಾಲ್ಕು ವಿಷಯ ಕಲಿತಳು. ಪರೀಕ್ಷೆ ಅಳೆದದ್ದು ಆ ನಾಲ್ಕನ್ನು ಮಾತ್ರ.

ಅವಳ ಅಪ್ಪ ಅಮ್ಮ ಮಗಳನ್ನು ಎಬ್ಬಿಸಲು ಊರಲ್ಲೇ ಇರಲಿಲ್ಲ. ಬೆಂಗಳೂರಿಗೆ ಗುಳೆ ಹೋಗಿದ್ದರು, ಕಟ್ಟಡದ ಕೆಲಸಕ್ಕೆ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ ಅತಿ ಹಿಂದುಳಿದ 39 ತಾಲ್ಲೂಕುಗಳನ್ನು ಪಟ್ಟಿ ಮಾಡಿತು. ಅದರಲ್ಲಿ ದೇವದುರ್ಗವೂ ಇತ್ತು. ಆ ಪಟ್ಟಿ ಬಂದ ಮೇಲೆ ಹುಟ್ಟಿದ ಮಗು ಇವಳು. ಆದರೂ ಮಳೆ ಕೈಕೊಟ್ಟ ವರ್ಷ ಆ ಊರಿನವರು ಇವತ್ತಿಗೂ ಗಂಟುಮೂಟೆ ಕಟ್ಟಿ ಬಸ್ಸು ಹತ್ತುತ್ತಾರೆ. ಅವಳ 61ನ್ನು ನಾವು ಕರುಣೆಯಿಂದ ಅಚ್ಚು ಹಾಕಲಿಲ್ಲ, ಸೋದರಿ. ಗೌರವದಿಂದ ಹಾಕಿದೆವು.

"ನಮ್ಮ ಮಾವನವರೂ ವಾರಾನ್ನ ಮಾಡಿಕೊಂಡು ಓದಿದವರು, ಯಾರೂ ಅವರಿಗೆ ಮೀಸಲಾತಿ ಕೊಡಲಿಲ್ಲ" ಅಂತ ಬರೆದಿದ್ದೀರಿ. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ವಾರದ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು, ಪರರ ಜಗಲಿಯಲ್ಲಿ ಕೂತು ಉಂಡು ಓದುವುದು ಎಂಥ ಕಷ್ಟ ಅಂತ ನಾನೂ ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಮೂರನೆಯ ಮನೆಯಲ್ಲಿ ಅನ್ನ ತಣ್ಣಗಿರುತ್ತಿತ್ತು, ಐದನೆಯ ಮನೆಯಲ್ಲಿ ಮಾತು ಬಿಸಿಯಾಗಿರುತ್ತಿತ್ತು ಅಂತ ಒಬ್ಬರು ಹೇಳಿದ್ದು ನೆನಪಿದೆ. ಆದರೆ ಆ ಏಳೂ ಬಾಗಿಲು ತೆರೆದಿದ್ದವು ಅಲ್ವಾ? ಅದೇ ಊರಿನ ಕೇರಿಯ ಹುಡುಗನೊಬ್ಬ ಅಷ್ಟೇ ಬುದ್ಧಿವಂತನಾಗಿದ್ದ, ಅಷ್ಟೇ ಹಸಿದಿದ್ದ ಅಂದುಕೊಳ್ಳಿ. ಅವನಿಗೆ ಆ ಬೀದಿಯಲ್ಲಿ ಒಂದು ಬಾಗಿಲಾದರೂ ತೆರೆಯುತ್ತಿತ್ತೇ? ಅನ್ನದ ಮಾತು ಹಾಗಿರಲಿ, ಶಾಲೆಯ ಒಳಗೆ ಕೂರುವುದಕ್ಕೇ ಅವನು ಹೋರಾಡಬೇಕಿತ್ತು.

ನಮ್ಮ ಮೈಸೂರು ಸಂಸ್ಥಾನದಲ್ಲಿ ಈ ಪ್ರಶ್ನೆ ನೂರು ವರ್ಷದ ಹಿಂದೆಯೇ ಎದ್ದಿತ್ತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಜನಸಂಖ್ಯೆಯಲ್ಲಿ ನೂರಕ್ಕೆ ಐದೂ ಇಲ್ಲದ ಒಂದು ಸಮುದಾಯದ ಕೈಯಲ್ಲಿ ಮೇಲಿನ ಸರ್ಕಾರಿ ಹುದ್ದೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದವು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ನೇಮಕದಲ್ಲಿ ಜಾತಿ ನೋಡುವುದು ಒಪ್ಪಿಗೆಯಾಗಲಿಲ್ಲ. ಅರ್ಹತೆ ಬಿಟ್ಟರೆ ಆಡಳಿತ ಕೆಡುತ್ತದೆ, ಶಿಕ್ಷಣ ಹರಡಿ ಎಲ್ಲರನ್ನೂ ಮೇಲೆತ್ತಬೇಕು ಅನ್ನುವುದು ಅವರ ನಿಲುವು. ಅದೇ ವರ್ಷದ ಕೊನೆಗೆ ಅವರು ಹುದ್ದೆ ಬಿಟ್ಟರು. 1919ರಲ್ಲಿ ವರದಿ ಬಂತು. 1921ರಲ್ಲಿ ಹಿಂದುಳಿದ ಸಮುದಾಯಗಳಿಗೆ ಹುದ್ದೆಗಳಲ್ಲಿ ಆದ್ಯತೆ ಕೊಡುವ ಸರ್ಕಾರದ ಆದೇಶವೂ ಆಯಿತು.

ವಿಶ್ವೇಶ್ವರಯ್ಯನವರ ಪ್ರಾಮಾಣಿಕತೆಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಅವರ ಬದುಕನ್ನೇ ನೋಡಿ. ಚಿಕ್ಕ ವಯಸ್ಸಿನಲ್ಲೇ ತಂದೆ ಹೋದರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಸಿಕ್ಕಿತು. ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಪುಣೆಗೆ ಎಂಜಿನಿಯರಿಂಗ್ ಓದಲು ಕಳಿಸಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. ಮಾವನ ಮನೆ, ಪಾಠಕ್ಕೆ ಕರೆದ ಮನೆ, ಸರ್ಕಾರದ ದುಡ್ಡು, ಈ ಮೂರೂ ಸಿಗದಿದ್ದರೆ ಕನ್ನಂಬಾಡಿ ಕಟ್ಟೆಯ ಹಿಂದಿನ ಆ ದೊಡ್ಡ ತಲೆ ಎಲ್ಲಿರುತ್ತಿತ್ತೋ. ನಿಮ್ಮೂರಿನ ಸಿದ್ಧಗಂಗೆಯನ್ನೇ ನೋಡಿ. ಮಠದಲ್ಲಿ ಎಲ್ಲ ಜಾತಿಯ ಸಾವಿರಾರು ಮಕ್ಕಳು ಉಂಡು, ಮಲಗಿ, ಓದಿ ದೊಡ್ಡವರಾದರು. ಅವರ ಪ್ರತಿಭೆಯಲ್ಲಿ ಆ ದಾಸೋಹದ ಅನ್ನ ಸೇರಿಲ್ಲ ಅಂತ ಅವರಲ್ಲಿ ಯಾರೂ ಹೇಳಲಿಕ್ಕಿಲ್ಲ.

ಈಗ ಸೀಟಿನ ಲೆಕ್ಕಕ್ಕೆ ಬರೋಣ. ನಿಮ್ಮ ನೋವು ಇರುವುದು ಅಲ್ಲೇ.

ದೇಶದಲ್ಲಿ ನೀಟ್ ಬರೆಯುವವರು 20 ಲಕ್ಷಕ್ಕಿಂತ ಜಾಸ್ತಿ. ಎಂಬಿಬಿಎಸ್ ಸೀಟು ಒಂದು ಲಕ್ಷ ದಾಟುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಸರ್ಕಾರಿ ಕಾಲೇಜುಗಳದ್ದು. ಸಾಮಾನ್ಯ ವರ್ಗದವರಿಗೆ ಅರ್ಹತೆಯ ಗೆರೆ 50ನೇ ಪರ್ಸೆಂಟೈಲ್. ಅಂದರೆ ಬರೆದವರಲ್ಲಿ ಅರ್ಧದಷ್ಟು ಮಕ್ಕಳು 'ಅರ್ಹರು'. ಇಷ್ಟು ದೊಡ್ಡ ಗುಂಪಿನಿಂದ ಖಾಸಗಿ ಮತ್ತು ಡೀಮ್ಡ್ ಕಾಲೇಜಿನ ದುಬಾರಿ ಸೀಟಿಗೆ ಆರಿಸುವುದು ಯಾವುದು? ದುಡ್ಡು. ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಲಕ್ಷದೊಳಗೆ ಮುಗಿಯುವ ಫೀಸು ಕೆಲವು ಡೀಮ್ಡ್ ಕಾಲೇಜುಗಳಲ್ಲಿ 20 ಲಕ್ಷ ದಾಟುತ್ತದೆ. ನಿಮ್ಮ ಮಗನಿಗಿಂತ ಲಕ್ಷಗಟ್ಟಲೆ ರ‍್ಯಾಂಕು ಹಿಂದಿರುವ ಹುಡುಗ ಅಪ್ಪನ ಚೆಕ್ಕಿನ ಮೇಲೆ ಇವತ್ತು ಡಾಕ್ಟರಾಗಲು ಹೊರಟಿರಬಹುದು. ನಿಮ್ಮ ನಾಲ್ಕು ಪುಟದಲ್ಲಿ ಅವನ ಬಗ್ಗೆ ಒಂದು ಸಾಲೂ ಇಲ್ಲ. ನಿಮ್ಮದೊಂದೇ ಅಲ್ಲ, ನಮ್ಮ ಕಚೇರಿಗೆ ಇಂಥ ಪತ್ರ ಪ್ರತಿ ವರ್ಷ ಬರುತ್ತವೆ. ಯಾವುದರಲ್ಲೂ ಅವನಿಲ್ಲ. ಮೀಸಲಾತಿಯಲ್ಲಿ ಬಂದ ಮಗುವಿನ ಅಂಕವನ್ನು ಎಲ್ಲರೂ ಕೇಳುತ್ತಾರೆ, ಫೀಸು ಕಟ್ಟಿ ಬಂದ ಮಗುವಿನ ಅಂಕವನ್ನು ಯಾರೂ ಕೇಳುವುದಿಲ್ಲ. 2023ರಲ್ಲಿ ಸ್ನಾತಕೋತ್ತರ ವೈದ್ಯಕೀಯ ಸೀಟುಗಳು ಖಾಲಿ ಉಳಿಯಬಾರದು ಅಂತ ಅರ್ಹತೆಯ ಗೆರೆಯನ್ನು ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದರು. ಪರೀಕ್ಷೆ ಬರೆದಿದ್ದರೆ ಸಾಕು ಅನ್ನುವ ಹಾಗೆ. ಆಗ ಪ್ರತಿಭೆಯ ಹೆಸರಿನಲ್ಲಿ ನಮ್ಮ ಕಚೇರಿಗೆ ಒಂದೇ ಒಂದು ಪತ್ರವೂ ಬರಲಿಲ್ಲ.

ಇದು ಹೊಸ ಕಥೆಯಲ್ಲ. 1989ರಲ್ಲಿ ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಸರ್ಕಾರವೇ ಫೀಸು ಗೊತ್ತು ಮಾಡಿತ್ತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಮೋಹಿನಿ ಜೈನ್ ಮೊಕದ್ದಮೆ. ಕ್ಯಾಪಿಟೇಷನ್ ಫೀಸು, ಅಂದರೆ ಸೀಟಿಗಾಗಿ ಹೆಚ್ಚುವರಿ ದುಡ್ಡು ವಸೂಲಿ ಮಾಡುವುದು, ಸಂವಿಧಾನಕ್ಕೆ ವಿರುದ್ಧ ಅಂತ 1992ರಲ್ಲಿ ತೀರ್ಪು ಬಂತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಅರ್ಧ ಫ್ರೀ, ಅರ್ಧ ಪೇಮೆಂಟ್ ಅಂತ ಹಂಚಿತು. 'ಪೇಮೆಂಟ್ ಸೀಟು' ಅನ್ನುವ ಮಾತು ಮನೆಮನೆಯ ಮಾತಾದದ್ದು ಆಗಲೇ. 1994ರಲ್ಲಿ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ ಸಿಇಟಿ ಬಂದಾಗ ಸಾವಿರಾರು ಬಡ ಮನೆಗಳು ನೆಮ್ಮದಿಯ ನಿಟ್ಟುಸಿರು ಬಿಟ್ಟವು. ಆದರೆ ದುಡ್ಡು ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಒಳಗೆ ಬಂತು.

ಇನ್ನೊಂದು ಪದ ನನ್ನನ್ನು ಯಾವಾಗಲೂ ಕಾಡುತ್ತದೆ. ನಮ್ಮ ಕೌನ್ಸೆಲಿಂಗ್ ಪಟ್ಟಿಯಲ್ಲಿ 'ಜಿಎಂ' ಅಂತ ಒಂದು ಕಾಲಂ ಇದೆಯಲ್ಲ, ಜನರಲ್ ಮೆರಿಟ್. ಆ ಸೀಟುಗಳು ಎಲ್ಲರಿಗೂ ತೆರೆದಿರುವಂಥವು. ರ‍್ಯಾಂಕಿದ್ದರೆ ಯಾವ ಜಾತಿಯ ಮಗುವೂ ಪಡೆಯಬಹುದು. ಆದರೆ ಆ ಒಂದು ಕಾಲಂಗೆ ಮಾತ್ರ 'ಮೆರಿಟ್' ಅಂತ ಹೆಸರಿಟ್ಟ ಮೇಲೆ, ಉಳಿದ ಕಾಲಂಗಳಲ್ಲಿ ಮೆರಿಟ್ ಇಲ್ಲ ಅಂತ ಮಕ್ಕಳು ತಿಳಿಯುವುದಿಲ್ಲವೇ? ಹಾಸ್ಟೆಲ್‌ನಲ್ಲಿ "ನೀನು ಮೆರಿಟ್ಟಾ, ಕೋಟಾನಾ?" ಅಂತ ಕೇಳುತ್ತಾರೆ. ಹದಿನೆಂಟು ವರ್ಷದ ಮಗು ಆ ಪ್ರಶ್ನೆಗೆ ತಲೆ ತಗ್ಗಿಸಿಕೊಂಡು ಐದು ವರ್ಷ ಕಳೆಯಬೇಕು.

ಆಪರೇಷನ್ ಟೇಬಲ್ ಮೇಲೆ ಮಲಗಿದಾಗ ಯಾರು ಬೇಕು ಅಂತ ಕೇಳಿದ್ದೀರಿ. ಕೆಲಸ ಬಲ್ಲ ಡಾಕ್ಟರೇ ಬೇಕು, ನನಗೂ. ಅದಕ್ಕೇ ಹೇಳುತ್ತಿದ್ದೇನೆ, ನೀಟ್ ಒಳಗೆ ಹೋಗುವ ಬಾಗಿಲು ಮಾತ್ರ. ಒಳಗೆ ಹೋದ ಮೇಲೆ ಹೆಣ ಕೊಯ್ದು ಕಲಿಯುವುದು, ರಾತ್ರಿ ಪಾಳಿ, ಕೊನೆಯ ಪರೀಕ್ಷೆ ಎಲ್ಲರಿಗೂ ಒಂದೇ. ಪಾಸಾಗುವ ಅಂಕವೂ ಎಲ್ಲರಿಗೂ ಒಂದೇ, ಅಲ್ಲಿ ಮೀಸಲಾತಿ ಇಲ್ಲ. ಪರೀಕ್ಷೆಯ ಅಂಕವೊಂದೇ ಪ್ರತಿಭೆಯ ಅಳತೆಯಲ್ಲ, ಅದರ ಹಿಂದೆ ಮನೆಯ ಸ್ಥಿತಿ, ಹಿನ್ನೆಲೆಯ ಬಲ ಎಲ್ಲ ಇರುತ್ತದೆ ಅಂತ ಸುಪ್ರೀಂ ಕೋರ್ಟೂ 2022ರ ನೀಟ್ ತೀರ್ಪಿನಲ್ಲಿ ಹೇಳಿದೆ. ಮೀಸಲಾತಿಯಲ್ಲಿ ತೊಡಕಿಲ್ಲ ಅಂತ ನಾನು ವಾದಿಸುವುದಿಲ್ಲ. ಮೀಸಲಾತಿ ಇರುವ ಸಮುದಾಯಗಳ ಒಳಗೇ ಮುಂದೆ ಬಂದವರು, ಹಿಂದೆ ಉಳಿದವರು ಇದ್ದಾರೆ. ಒಳಮೀಸಲಾತಿಯ ಬೇಡಿಕೆ ಬಂದದ್ದು ಅದಕ್ಕೇ, 2024ರಲ್ಲಿ ಕೋರ್ಟು ಅದನ್ನು ಒಪ್ಪಿತು. ಅದು ಹಂಚಿಕೆಯನ್ನು ಇನ್ನಷ್ಟು ಸರಿ ಮಾಡುವ ದಾರಿ. ತೆಗೆದುಹಾಕುವ ದಾರಿಯಲ್ಲ.

ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ಮಗ ಊಟಕ್ಕೂ ಹೊರಗೆ ಬರುತ್ತಿಲ್ಲ ಅಂದಿದ್ದೀರಿ. ಇಷ್ಟೆಲ್ಲ ಬರೆಯಲು ನಿಜವಾಗಿ ಕಾರಣವಾದದ್ದು ಆ ಸಾಲು.

ಇಂಗ್ಲೆಂಡಿನಲ್ಲಿ ಮೈಕಲ್ ಯಂಗ್ ಎಂಬ ಸಮಾಜಶಾಸ್ತ್ರಜ್ಞರಿದ್ದರು. 'ಮೆರಿಟಾಕ್ರಸಿ' ಎಂಬ ಪದವನ್ನು 1958ರಲ್ಲಿ ಜನರ ಬಾಯಿಗೆ ಹಾಕಿದ್ದು ಅವರೇ. ಆಗ ಅಲ್ಲಿ ಹನ್ನೊಂದನೇ ವಯಸ್ಸಿಗೆ ಒಂದು ಪರೀಕ್ಷೆ ಇಟ್ಟು, ಒಳ್ಳೆ ಶಾಲೆ ಯಾರಿಗೆ, ಸಾಧಾರಣ ಶಾಲೆ ಯಾರಿಗೆ ಅಂತ ವಿಂಗಡಿಸುತ್ತಿದ್ದರು. ಯಂಗ್ ಆ ಪದವನ್ನು ಹೊಗಳಿಕೆಗೆ ಬಳಸಲಿಲ್ಲ, ಎಚ್ಚರಿಕೆಗೆ ಬಳಸಿದರು. ಹಳೆಯ ಕಾಲದಲ್ಲಿ ಬಡವ 'ನನ್ನ ಹಣೆಬರಹ' ಅಂದುಕೊಂಡು ತಲೆ ಎತ್ತಿ ಬದುಕಬಹುದಿತ್ತು. ಎಲ್ಲವೂ ಪ್ರತಿಭೆಯಿಂದಲೇ ಅಂತ ನಂಬಿಸಿದ ಸಮಾಜದಲ್ಲಿ ಗೆದ್ದವನಿಗೆ ಯಾರ ಋಣವೂ ನೆನಪಿರುವುದಿಲ್ಲ. ಸೋತವನಿಗೆ ತನ್ನನ್ನು ಬಿಟ್ಟು ಬೈದುಕೊಳ್ಳಲು ಯಾರೂ ಸಿಗುವುದಿಲ್ಲ. ಅವರು ಹೆದರಿದ್ದು ಇದಕ್ಕೆ. ಮುಂದೆ ಅದೇ ಯಂಗ್, ಓದು ತಪ್ಪಿದವರಿಗಾಗಿ ಅಲ್ಲಿನ ಮುಕ್ತ ವಿಶ್ವವಿದ್ಯಾಲಯ ಹುಟ್ಟಲು ದುಡಿದರು.

ನಿಮ್ಮ ಮಗ ಈಗ ಆ ರೂಮಿನೊಳಗೆ ತನ್ನನ್ನೇ ಬೈದುಕೊಳ್ಳುತ್ತಿದ್ದಾನೆ. ಪ್ರತಿಭೆಯೊಂದೇ ಎಲ್ಲ ಅನ್ನುವ ನಂಬಿಕೆ ದೇವದುರ್ಗದ ಹುಡುಗಿಯನ್ನು ಮಾತ್ರ ನೋಯಿಸುವುದಿಲ್ಲ. ಕೆಲವೇ ಅಂಕದಲ್ಲಿ ಸೀಟು ತಪ್ಪಿದ ಮಕ್ಕಳನ್ನೂ ಅದೇ ಕೊರಗಿಗೆ ತಳ್ಳುತ್ತದೆ.

ನನ್ನ ಮನೆಯ ಒಂದು ಮಾತು ಹೇಳಬೇಕು. ನನ್ನ ಅಕ್ಕ ಏಳನೇ ತರಗತಿಗೆ ಶಾಲೆ ಬಿಟ್ಟಳು. ಅಮ್ಮನಿಗೆ ಹುಷಾರಿರಲಿಲ್ಲ, ಎರಡು ಎಮ್ಮೆ ಇದ್ದವು, ನಾನಿದ್ದೆ. ಹಾಲಿನ ಡೇರಿಯ ಬಟವಾಡೆಯ ದಿನ ಊರಿನವರು ಚೀಟಿ ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ಎಷ್ಟು ಲೀಟರು, ಎಷ್ಟು ಫ್ಯಾಟು, ಎಷ್ಟು ರೂಪಾಯಿ ಅಂತ ಅಕ್ಕ ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಿದ್ದಳು. ನಾನು ಕಾಗದದಲ್ಲಿ ಮಾಡಿ ನೋಡಿದರೆ ಒಂದು ಪೈಸೆ ತಪ್ಪಿರುತ್ತಿರಲಿಲ್ಲ. ಊರಿನಲ್ಲಿ ಬುದ್ಧಿವಂತ ಅಂತ ಹೆಸರು ಬಂದದ್ದು ನನಗೆ. ಇವತ್ತು ಈ ಕುರ್ಚಿಯಲ್ಲಿ ಕೂತು ನಿಮಗೆ ಬರೆಯುತ್ತಿರುವವನು ನಾನು. ಅಕ್ಕನ ಹೆಸರು ನನ್ನ ಯಾವ ಅಂಕಪಟ್ಟಿಯಲ್ಲೂ ಇಲ್ಲ.

ಅವನು ಮತ್ತೊಮ್ಮೆ ನೀಟ್ ಬರೆಯಲಿ, ಬೇಡ ಅನ್ನಿಸಿದರೆ ಬೇರೆ ಏನಾದರೂ ಓದಲಿ. ಅದು ನಿಮ್ಮ ಮನೆಯ ತೀರ್ಮಾನ. ಆದರೆ ರೂಮಿನಲ್ಲಿ ಅವನೊಬ್ಬನೇ ಇರುವುದು ಬೇಡ. ಇವತ್ತು ರಾತ್ರಿ ಯಜಮಾನರೋ ನೀವೋ ಒಳಗೆ ಹೋಗಿ ಜೊತೆಯಲ್ಲಿ ಕೂತುಕೊಳ್ಳಿ. ಮಾತಾಡದಿದ್ದರೂ ಪರವಾಗಿಲ್ಲ. ಇನ್ನೂ ಎರಡು ದಿನ ಹೀಗೇ ಊಟ ಬಿಟ್ಟರೆ ತಡ ಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮನಸ್ಸಿನ ಡಾಕ್ಟರಾದರೂ ಸಂಕೋಚ ಬೇಡ.

ಮೂಲ ಪತ್ರ ನಮ್ಮ ಹತ್ತಿರವೇ ಉಳಿದಿದೆ. ಅದರ ಎರಡನೇ ಪುಟವನ್ನು ಜೆರಾಕ್ಸ್ ಮಾಡಿಸಿ ಅಂಚೆಯಲ್ಲಿ ಕಳಿಸಿದ್ದೇನೆ. ಅವನು ಅದನ್ನು ಓದಿರಲಾರ. ಅವನ ಕೈಗೆ ಕೊಡಿ.

ನಿಮ್ಮ ವಿಶ್ವಾಸಿ,
ಸಂಪಾದಕ