ವಿಮ್ ಆಜ್ಞೆಗಳಿಗೆ ಸ್ಪಂದಿಸದಿದ್ದರೆ ಮೊದಲು ಕನ್ನಡ ಕೀಲಿಮಣೆಯನ್ನು ನೋಡಿ

ಮೂಡಿಗೆರೆಯ ತೋಟದ ಹಾಜರಿಯನ್ನು ಕನ್ನಡದಲ್ಲಿ ಬರೆದ ಮೇಲೆ ವಿಮ್ (ಆಜ್ಞೆ ಟೈಪಿಸುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಓಡುವ ಪಠ್ಯ ಸಂಪಾದಕ ತಂತ್ರಾಂಶ) ಉಳಿಸಲೂ ಬಿಡದೆ, ಹೊರಬರಲೂ ಬಿಡದೆ, ಕೊನೆಗೆ ಟರ್ಮಿನಲ್ ಕಿಟಕಿಯನ್ನೇ ಮುಚ್ಚಬೇಕಾಯಿತು ಎಂದಿದ್ದೀರಲ್ಲ, ಅದಕ್ಕೆ ಕಾರಣ ಬಹುಶಃ ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿಮಣೆ ವಿನ್ಯಾಸ ಚಾಲ್ತಿಯಲ್ಲೇ ಉಳಿದಿರುವುದು. ಆಗ ನೀವು ಕೋಲನ್ ಒತ್ತಿದರೆ ವಿಮ್‌ಗೆ ತಲುಪುವುದು ‘ಛ’. ಸಾಲು ಅಳಿಸಲು ‘ಡಿ’ ಕೀಲಿಯನ್ನು ಎರಡು ಸಲ ಒತ್ತಿದರೆ ತಲುಪುವುದು ಬರೀ ಹಲಂತ. ಇವು ಅದರ ಆಜ್ಞೆಗಳಲ್ಲವಾದ್ದರಿಂದ ಅದು ಸುಮ್ಮನಿರುತ್ತದೆ.

ಬರೆದದ್ದು ಪೂರ್ತಿ ಹೋಗಿರಲಾರದು. ವಿಮ್ ಪ್ರತಿ 200 ಅಕ್ಷರಗಳಿಗೊಮ್ಮೆ, ಇಲ್ಲವೇ ನೀವು 4 ಸೆಕೆಂಡು ಟೈಪಿಸದೆ ಬಿಟ್ಟಾಗ, ಸ್ವಾಪ್ ಫೈಲ್ ಎಂಬ ತಾತ್ಕಾಲಿಕ ಫೈಲಿಗೆ ಬರೆದಿಡುತ್ತದೆ. ಕೀಲಿಮಣೆಯನ್ನು ಇಂಗ್ಲಿಷ್‌ಗೆ ಬದಲಿಸಿ ಅದೇ ಫೈಲನ್ನು ತೆರೆಯಿರಿ. ಸ್ವಾಪ್ ಫೈಲ್ ಇದೆಯೆಂಬ ಎಚ್ಚರಿಕೆ ಬಂದಾಗ ‘ಆರ್’ ಒತ್ತಿ ಬರಹವನ್ನು ಮರಳಿ ಪಡೆದು, ಅದು ಸರಿಯಾಗಿದೆಯೇ ಎಂದು ನೋಡಿಕೊಂಡು ಉಳಿಸಿ. ಮುಂದಿನ ಸಲವೂ ಅದೇ ಎಚ್ಚರಿಕೆ ಬಂದರೆ ‘ಡಿ’ ಒತ್ತಿ ಹಳೆಯ ಸ್ವಾಪ್ ಫೈಲನ್ನು ಅಳಿಸಬಹುದು.

ಇನ್ನು ಮುಂದೆ ಬರೆದು ಮುಗಿದೊಡನೆ ಮೊದಲು ಇಂಗ್ಲಿಷ್‌ಗೆ ಬನ್ನಿ, ಆಮೇಲೆ ಎಸ್ಕೇಪ್ ಒತ್ತಿ, ಕೆಳಗಿನ ‘ಇನ್ಸರ್ಟ್’ ಎಂಬ ಪದ ಮಾಯವಾದದ್ದನ್ನು ಕಂಡ ಬಳಿಕವೇ ಆಜ್ಞೆ ಕೊಡಿ. ಕೋಲನ್, ‘ಡಬ್ಲ್ಯೂ’, ಎಂಟರ್ ಒತ್ತಿದರೆ ಬರಹ ಉಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟನ್ನು ನಂಬುವಂತಿಲ್ಲವಾದ್ದರಿಂದ ಇದನ್ನು ಆಗಾಗ ಮಾಡುತ್ತಿರಿ. ಕೋಲನ್, ‘ಕ್ಯೂ’, ಎಂಟರ್ ಹೊರಬರಲು. ತಪ್ಪಾದರೆ ‘ಯು’ ಹಿಂದಕ್ಕೆ ಒಯ್ಯುತ್ತದೆ. ಇಂಗ್ಲಿಷ್‌ನಲ್ಲಿದ್ದೂ ಆಜ್ಞೆಗಳು ತಪ್ಪಿದರೆ ಕ್ಯಾಪ್ಸ್ ಲಾಕ್ ನೋಡಿ, ಏಕೆಂದರೆ ವಿಮ್‌ಗೆ ದೊಡ್ಡಕ್ಷರದ ಅರ್ಥವೇ ಬೇರೆ.

ಅಭ್ಯಾಸಕ್ಕೆ ಹಾಜರಿ ಫೈಲನ್ನು ಬಳಸಬೇಡಿ. ಟರ್ಮಿನಲ್‌ನಲ್ಲಿ ‘ವಿಮ್‌ಟ್ಯೂಟರ್’ ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಒಂದೇ ಪದವಾಗಿ ಟೈಪಿಸಿದರೆ ಅರ್ಧ ಗಂಟೆಯ ಪಾಠ ತೆರೆದುಕೊಳ್ಳುತ್ತದೆ.