ಕುದಿಯುವ ಪಾತ್ರೆಗೆ ಥರ್ಮಾಮೀಟರ್ ಗನ್ 46 ಡಿಗ್ರಿ ತೋರಿಸುವುದೇಕೆ?

ಪ್ರಶ್ನೆ: ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ತಂದಿದ್ದೇನೆ. ದೋಸೆ ಹಂಚಿಗೆ ಹಿಡಿದರೆ ನಂಬುವಂಥ ಅಂಕಿ ಬರುತ್ತದೆ. ನೀರು ಕುದಿಯುತ್ತಿರುವ ಸ್ಟೀಲ್ ಪಾತ್ರೆಯ ಹೊರಮೈಗೆ ಹಿಡಿದರೆ ಮಾತ್ರ 46 ಡಿಗ್ರಿ! ಗನ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಗನ್ ಪಾತ್ರೆಯ ಮೈಯಿಂದ ಬರುವ ಕಿರಣಗಳನ್ನು ಹಿಡಿದು ಬಿಸಿಯನ್ನು ಲೆಕ್ಕ ಹಾಕುತ್ತದೆ. ಅದೇ ಬಿಸಿಯಲ್ಲಿರುವ ಆದರ್ಶ ಕಪ್ಪು ವಸ್ತುವಿಗೆ ಹೋಲಿಸಿದರೆ ಒಂದು ಮೇಲ್ಮೈ ಎಷ್ಟು ಪಾಲು ಕಿರಣ ಸೂಸುತ್ತದೆ ಎಂಬುದೇ ಎಮಿಸಿವಿಟಿ. ಕಡಿಮೆ ಬೆಲೆಯ ಗನ್‌ಗಳು ಸಾಮಾನ್ಯವಾಗಿ ಇದನ್ನು 0.95 ಎಂದೇ ಹಿಡಿದಿರುತ್ತವೆ. ಎಣ್ಣೆ ಕುಡಿದು ಕಪ್ಪಾದ ಕಬ್ಬಿಣದ ಹಂಚು ಅದರ ಹತ್ತಿರವೇ ಇದೆ. ಹೊಳೆಯುವ ಸ್ಟೀಲ್‌ನದು ಸುಮಾರು 0.2. ಉಳಿದ 0.8 ಪಾಲು ಅಡುಗೆಮನೆಯ ಗೋಡೆ, ಸೂರುಗಳ ಪ್ರತಿಫಲನ. 28 ಡಿಗ್ರಿಯ ಕೋಣೆಯಲ್ಲಿ 98 ಡಿಗ್ರಿಯ ಪಾತ್ರೆ 46ರ ಆಸುಪಾಸಿನಲ್ಲಿ ಕಾಣುವುದು ಇದರಿಂದಲೇ. ಕಾದ ಹಂಚನ್ನು ಪಾತ್ರೆಯ ಎದುರು ಹಿಡಿಯಿರಿ: ಪಾತ್ರೆಯ ಬಿಸಿ ಬದಲಾಗದೆಯೇ ಅಂಕಿ ಏರುತ್ತದೆ.

ಪರಿಹಾರ ಸುಲಭ. ಪಾತ್ರೆ ತಣ್ಣಗಿರುವಾಗಲೇ ಒಳಗೆ ನೀರಿರುವ ಎತ್ತರದಲ್ಲಿ, ಉರಿ ತಾಗದ ಕಡೆ, ಮಾಸ್ಕಿಂಗ್ ಟೇಪಿನ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಅಂಟಿಸಿ. ಅಡಿಯಲ್ಲಿ ಗಾಳಿಗುಳ್ಳೆ ಉಳಿದರೆ ಟೇಪು ಪಾತ್ರೆಯಷ್ಟು ಕಾಯುವುದಿಲ್ಲ, ಒತ್ತಿ ಸವರಿ. ನೀರು ಕುದಿದ ಮೇಲೆ ಒಲೆ ಆರಿಸಿ ಆ ಟೇಪಿಗೇ ಗುರಿಯಿಡಿ; ಟೇಪಿನ ಎಮಿಸಿವಿಟಿ ಗನ್ ಹಿಡಿದಿರುವ 0.95ರ ಹತ್ತಿರವೇ ಇದೆ. ವಿದ್ಯುತ್ ಕೆಲಸದ ಕಪ್ಪು ಪಿವಿಸಿ ಟೇಪಿನದೂ ಸುಮಾರು 0.95, ಆದರೆ ಸಾಮಾನ್ಯವಾಗಿ ಅದರ ಮಿತಿ 80 ಡಿಗ್ರಿ. ಇಲ್ಲಿ ಅಂಟು ಕರಗುತ್ತದೆ. ಸೌದೆ ಒಲೆಯಲ್ಲಿ ಮಸಿ ಹಿಡಿದ ಪಾತ್ರೆಗೆ ಇದ್ಯಾವುದೂ ಬೇಡ, ಮಸಿಯೇ ಟೇಪಿನ ಕೆಲಸ ಮಾಡುತ್ತದೆ.

ದೂರವನ್ನೂ ಗಮನಿಸಿ. ಗನ್ ಮೇಲೆ 12:1 ಎಂದಿದ್ದರೆ 60 ಸೆಂ.ಮೀ. ದೂರದಿಂದ 5 ಸೆಂ.ಮೀ. ಅಗಲದ ವೃತ್ತದ ಸರಾಸರಿ ಸಿಗುತ್ತದೆ, ಟೇಪಿನಾಚೆಯ ಸ್ಟೀಲೂ ಅದರೊಳಗೆ ಸೇರುತ್ತದೆ. 15 ಸೆಂ.ಮೀ.ಗೆ ಬನ್ನಿ. ಲೇಸರ್ ಚುಕ್ಕೆ ಗುರಿ ತೋರಿಸಲಷ್ಟೇ. ಇಷ್ಟು ಹತ್ತಿರದಲ್ಲಿ ಅದು ಅಳೆಯುವ ಜಾಗದಿಂದ ತುಸು ಪಕ್ಕಕ್ಕೆ ಬೀಳುತ್ತದೆ.

ಎಮಿಸಿವಿಟಿ ಬದಲಿಸುವ ಗುಂಡಿ ಇದ್ದರೆ, ಬರಿಯ ಸ್ಟೀಲ್ ಮೇಲೆ ಟೇಪಿನ ಅಂಕಿಯೇ ಬರುವವರೆಗೆ ಅದನ್ನು ಇಳಿಸಬಹುದು. ಹೊಳೆಯುವ ಲೋಹಕ್ಕೆ ನಾನು ಇದನ್ನು ಹೇಳುವುದಿಲ್ಲ: 0.2ರಲ್ಲಿ ನೀವು ಪಕ್ಕಕ್ಕೆ ಸರಿದರೂ ಅಂಕಿ ಅಲುಗಾಡುತ್ತದೆ.

ಕಣ್ಣಿಗೆ ಕಾಣುವ ಬಣ್ಣ ನೋಡಿ ಮೋಸಹೋಗಬೇಡಿ. ಈ ಗನ್‌ಗಳು ನೋಡುವುದು 8–14 ಮೈಕ್ರಾನ್ ಅಲೆಗಳನ್ನು; ಅಲ್ಲಿ ಬಿಳಿ ಪೇಂಟೂ ಕಪ್ಪು ಪೇಂಟೂ ಹೆಚ್ಚುಕಡಿಮೆ ಒಂದೇ, ಎರಡೂ 0.9ರ ಮೇಲೆ. ಮೋಸ ಮಾಡುವುದು ಬರಿಯ ಲೋಹದ ಹೊಳಪು: ಹಂಚಿನಲ್ಲೂ ಉಜ್ಜಿ ಲೋಹ ಹೊಳೆಯುವ ಜಾಗ ಬಿಟ್ಟು ಕಪ್ಪು ಜಾಗಕ್ಕೇ ಹಿಡಿಯಿರಿ.